ಬಣ್ಣದೆಲೆಯ ಗಿಡ ನಮ್ಮ ಬಾಗಿಲಿಗೆ ಬಂದ ದಾರಿ



ಇತಿಹಾಸ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೋಟೆ, ಕದನ, ಶಾಸನ, ಪಾಳೆಯಗಾರರು ಮತ್ತು ಸುಲ್ತಾನರು. ಪರೀಕ್ಷೆಗೆ ಓದುವಾಗಲೂ ಇವೇ. ಆದರೆ ನಿಮ್ಮ ಮನೆಯ ಬಾಗಿಲ ಬಳಿ ಹಳೆಯ ಡಾಲ್ಡಾ ಡಬ್ಬದಲ್ಲೋ, ತಳ ಸೀಳಿದ ಪೇಂಟ್ ಬಕೆಟ್ಟಿನಲ್ಲೋ ನಿಂತಿರುವ ಕೆಂಪು, ಹಳದಿ ಎಲೆಯ ಗಿಡಕ್ಕೂ ಒಂದು ಇತಿಹಾಸವಿದೆ. ಅದು ಕೆಲವು ಕೋಟೆಗಳ ಇತಿಹಾಸಕ್ಕಿಂತ ಉದ್ದವಾದುದು, ಸಮುದ್ರಗಳನ್ನು ದಾಟಿ ಬಂದದ್ದು. ಈ ಲೇಖನದಲ್ಲಿ ಆ ದಾರಿಯನ್ನು ನಿಮ್ಮೊಂದಿಗೆ ಹಿಂದಿರುಗಿ ನಡೆಯುವ ಪ್ರಯತ್ನ ಮಾಡುತ್ತೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಕಡೆಯ ಮನೆಗಳಲ್ಲಿ ಈ ಗಿಡ ಇದೆ. ನಾಲ್ಕೂ ಕಡೆ ಅದು ಒಂದೇ ಬಗೆಯಾಗಿ ಬೆಳೆಯುವುದಿಲ್ಲ ಎಂಬುದೂ ನಿಜ. ಅದಕ್ಕೆ ಕಾರಣ ನೀರು. ಆ ಮಾತಿಗೆ ಮುಂದೆ ಬರೋಣ.

ನಮ್ಮ ಕಡೆ ಇದನ್ನು ‘ಕ್ರೋಟನ್ಸ್’ ಎನ್ನುತ್ತಾರೆ, ಇಲ್ಲವೇ ಸುಮ್ಮನೆ ‘ಶೋ ಗಿಡ’ ಎನ್ನುತ್ತಾರೆ. ‘ಶೋ ಗಿಡ’ ಎಂಬ ಮಾತಿನಲ್ಲಿ ಸ್ವಲ್ಪ ತಾತ್ಸಾರವಿದೆ. ಮುಡಿಯಲು ಹೂವಿಲ್ಲ, ತಿನ್ನಲು ಹಣ್ಣಿಲ್ಲ, ಸಾರಿಗೆ ಸೊಪ್ಪಿಲ್ಲ, ನೋಡಲಿಕ್ಕೆ ಮಾತ್ರ ಎಂಬ ಅರ್ಥ. ಆದರೂ ಮನೆಯ ಹೆಂಗಸರು ಅದಕ್ಕೆ ಅಕ್ಕಿ ತೊಳೆದ ನೀರು ಹಾಕುವುದನ್ನು ಬಿಡುವುದಿಲ್ಲ. ಮಲ್ಲಿಗೆ ಒಂದು ಕಾಲದಲ್ಲಿ ಮಾತ್ರ ಹೂ ಬಿಟ್ಟು ಸುಮ್ಮನಾಗುತ್ತದೆ, ಚೆಂಡುಹೂ ಒಣಗುತ್ತದೆ. ಬಣ್ಣದೆಲೆಯ ಗಿಡ ಮಾತ್ರ ವರ್ಷದ ಹನ್ನೆರಡು ತಿಂಗಳೂ ಹಬ್ಬದ ಬಟ್ಟೆಯಲ್ಲೇ ಇರುತ್ತದೆ.

ಮೊದಲು ಹೆಸರಿನ ವಿಚಾರ. ಕ್ರೋಟನ್ ಎಂಬುದು ಈ ಗಿಡದ ನಿಜವಾದ ಹೆಸರಲ್ಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನು ಕ್ರೋಟನ್ ಎಂಬ ಕುಲಕ್ಕೆ ಸೇರಿಸಿದ. ಆ ಕುಲದ ಒಂದು ಗಿಡ ನಮಗೆ ಪರಿಚಿತವಾದ ಜಾಪಾಳ. ಹಿಂದಿನವರು ಭೇದಿಗೆ ಕೊಡುತ್ತಿದ್ದ, ಮನೆಯಲ್ಲಿ ಉರ್ದು ಮಾತಾಡುವವರು ಜಮಾಲಗೋಟಾ ಎನ್ನುವ ಬೀಜವೇ ಅದು. ಗ್ರೀಕ್ ಭಾಷೆಯಲ್ಲಿ ಕ್ರೋಟನ್ ಎಂದರೆ ಉಣ್ಣೆ, ದನದ ಮೈಗೆ ಹತ್ತುವ ಹುಳ. ಬೀಜ ನೋಡಲು ಹಾಗಿದೆಯೆಂದು ಆ ಹೆಸರು. 1824ರಲ್ಲಿ ಫ್ರಾನ್ಸಿನ ಆದ್ರಿಯಾನ್ ದ ಜುಸ್ಸಿಯು ನಮ್ಮ ಬಣ್ಣದೆಲೆಯ ಗಿಡವನ್ನು ಆ ಕುಲದಿಂದ ಬೇರ್ಪಡಿಸಿ ‘ಕೋಡಿಯಮ್’ ಎಂಬ ಹೆಸರನ್ನು ಶಾಸ್ತ್ರದಲ್ಲಿ ನಿಲ್ಲಿಸಿದ. ಎರಡು ಶತಮಾನ ಕಳೆದರೂ ಜನರ ಬಾಯಲ್ಲಿ ಹಳೆಯ ತಪ್ಪು ಹೆಸರೇ ಉಳಿದಿದೆ. ಹೆಸರುಗಳ ವಿಷಯದಲ್ಲಿ ಶಾಸ್ತ್ರಕ್ಕಿಂತ ಜನರ ಬಾಯಿಯೇ ಗಟ್ಟಿ.

ಕೋಡಿಯಮ್ ಎಂಬುದು ಮಾತ್ರ ಎಲ್ಲಿಯದು? ಅದು ಲ್ಯಾಟಿನ್ ಉಡುಪು ತೊಟ್ಟ ತೆರ್ನಾತೆಯ ಮಾತು. ತೆರ್ನಾತೆ ಇಂದಿನ ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ ಒಂದು. ಲವಂಗದಿಂದ ಶ್ರೀಮಂತವಾಗಿದ್ದ, ಸುಲ್ತಾನರು ಆಳುತ್ತಿದ್ದ ಪುಟ್ಟ ದ್ವೀಪ. ಅಲ್ಲಿಯ ಜನ ಈ ಗಿಡಕ್ಕೆ ‘ಕೋಡಿಹೋ’ ಎನ್ನುತ್ತಿದ್ದರು. ಯುರೋಪಿನವರು ಲವಂಗಕ್ಕಾಗಿ, ಜಾಯಿಕಾಯಿಗಾಗಿ ಅಲ್ಲಿಗೆ ಹೋಗಿ ಹೊಡೆದಾಡಿದರು. ಆ ಗದ್ದಲದ ನಡುವೆ ಒಬ್ಬ ಮನುಷ್ಯ ಮಾತ್ರ ಗಿಡಗಳನ್ನು ನೋಡುತ್ತ ಕುಳಿತಿದ್ದ. ಅವನ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಅವನ ಹೆಸರು ಗೆಯೋರ್ಗ್ ರುಂಫಿಯಸ್. 1627ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು, ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಆಂಬೊನ್ ದ್ವೀಪಕ್ಕೆ ಬಂದ. ಅಲ್ಲಿಯ ಗಿಡಮರಗಳನ್ನೆಲ್ಲ ಬರೆದಿಡಬೇಕೆಂಬ ಹಂಬಲ ಹತ್ತಿತು. 1670ರಲ್ಲಿ ಅವನ ಕಣ್ಣು ಹೋಯಿತು. 1674ರ ಭೂಕಂಪದಲ್ಲಿ ಹೆಂಡತಿ ಮತ್ತು ಮಗಳು ತೀರಿಹೋದರು. 1687ರ ಬೆಂಕಿಯಲ್ಲಿ ಅದುವರೆಗೆ ಬರೆಸಿದ್ದ ಚಿತ್ರಗಳು ಸುಟ್ಟುಹೋದವು. ಮತ್ತೆ ಬರೆಸಿದ. 1692ರಲ್ಲಿ ಹಸ್ತಪ್ರತಿ ಹೊತ್ತು ಹೊರಟ ಹಡಗನ್ನು ಫ್ರೆಂಚರು ಮುಳುಗಿಸಿದರು. ದಾರಿಯಲ್ಲಿ ಒಂದು ನಕಲು ಮಾಡಿಸಿಟ್ಟುಕೊಂಡಿದ್ದರಿಂದ ಗ್ರಂಥ ಉಳಿಯಿತು. 1702ರಲ್ಲಿ ರುಂಫಿಯಸ್ ತೀರಿಕೊಂಡ. ಅವನ ಸಸ್ಯಗ್ರಂಥ ಅಚ್ಚಾದದ್ದು 1741ರಿಂದ 1750ರ ನಡುವೆ, ಅಂದರೆ ಅವನು ಸತ್ತು ಸುಮಾರು ನಲವತ್ತು ವರ್ಷ ಕಳೆದ ಮೇಲೆ. ಕಣ್ಣಿಲ್ಲದ ಒಬ್ಬ ಮುದುಕ ಬಣ್ಣದೆಲೆಯ ಗಿಡವನ್ನು ಓದುಗರಿಗೆ ಪರಿಚಯಿಸಿದ. ವಿದ್ಯಾರ್ಥಿಗಳೇ, ಅಸೈನ್‌ಮೆಂಟ್ ಬರೆದ ಕಂಪ್ಯೂಟರ್ ಕೆಟ್ಟಿತೆಂದು ಬೇಸರವಾದಾಗ ಇವನನ್ನು ಒಮ್ಮೆ ನೆನೆಸಿಕೊಳ್ಳಿ.

ಆ ದ್ವೀಪಗಳಲ್ಲಿ ಮತ್ತು ಅವುಗಳಾಚೆಯ ಪೆಸಿಫಿಕ್ ಸಾಗರದಲ್ಲಿ ಬಣ್ಣದೆಲೆ ಬರೀ ಶೋಕಿಯಾಗಿರಲಿಲ್ಲ. ನಮ್ಮಲ್ಲಿ ಕೆಂಪು ಡ್ರಾಸಿನಾ ಎಂದು ಮಾರುವ, ಉದ್ದನೆಯ ಕಡುಗೆಂಪು ಎಲೆಯ ಗಿಡದ ಸರಿಯಾದ ಹೆಸರು ಕಾರ್ಡಿಲೈನ್. ಪಾಲಿನೇಷ್ಯಾದ ಜನ ದೋಣಿಗಳಲ್ಲಿ ಹೊಸ ದ್ವೀಪ ಹುಡುಕಿ ಹೊರಟಾಗ ಬಾಳೆ, ಕೆಸುವಿನ ಗೆಡ್ಡೆಗಳ ಜೊತೆಗೆ ಇದರ ತುಂಡುಗಳನ್ನೂ ಒಯ್ದರು. ಹವಾಯಿವರೆಗೆ ಅದು ಹಾಗೆಯೇ ಹೋಯಿತು. ಪಪುವಾ ನ್ಯೂಗಿನಿಯಲ್ಲಿ ಇವತ್ತಿಗೂ ಹೊಲದ ಗಡಿಗೆ ಕಾರ್ಡಿಲೈನ್ ನೆಡುವ ವಾಡಿಕೆಯಿದೆ. ನಮ್ಮಲ್ಲಿ ಬಾಂದುಕಲ್ಲು ಮಾಡುವ ಕೆಲಸವನ್ನು ಅಲ್ಲಿ ಒಂದು ಗಿಡ ಮಾಡುತ್ತದೆ. ಕಲ್ಲನ್ನು ರಾತ್ರೋರಾತ್ರಿ ಸರಿಸಬಹುದು, ಬೇರು ಬಿಟ್ಟ ಗಿಡವನ್ನು ಕಿತ್ತರೆ ಗುರುತು ಉಳಿಯುತ್ತದೆ.

ಹೀಗೆ ಜನರ ಅಂಗಳದಲ್ಲಿದ್ದ ಗಿಡ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರ ಗಾಜಿನ ಮನೆ ಸೇರಿತು. ಅದಕ್ಕೆ ನೆರವಾದದ್ದು ಒಂದು ಪೆಟ್ಟಿಗೆ. ಹಡಗಿನಲ್ಲಿ ತಿಂಗಳುಗಟ್ಟಲೆ ಉಪ್ಪುಗಾಳಿಗೆ ಗಿಡಗಳು ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಗಿಡ ತನ್ನ ತೇವವನ್ನು ತಾನೇ ಹಿಡಿದಿಟ್ಟುಕೊಂಡು ಬದುಕುತ್ತದೆಂದು ಕಂಡುಕೊಂಡು, 1833ರಲ್ಲಿ ಅಂಥ ಪೆಟ್ಟಿಗೆಗಳನ್ನು ಸಿಡ್ನಿಗೆ ಕಳುಹಿಸಿ ನೋಡಿದ. ಗಿಡಗಳು ಬದುಕಿದವು. ಆಮೇಲೆ ಚಹಾ, ಸಿಂಕೋನಾ ಗಿಡಗಳೆಲ್ಲ ಈ ಪೆಟ್ಟಿಗೆಯಲ್ಲೇ ಖಂಡ ದಾಟಿದವು. ವೀಚ್ ಎಂಬ ನರ್ಸರಿ ಮನೆತನದ ಜಾನ್ ಗೌಲ್ಡ್ ವೀಚ್ 1864ರಿಂದ 1866ರವರೆಗೆ ಆಸ್ಟ್ರೇಲಿಯಾ ಮತ್ತು ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ಅಲೆದು ರಾಶಿ ರಾಶಿ ಕ್ರೋಟನ್, ಕಾರ್ಡಿಲೈನ್ ತಳಿಗಳನ್ನು ತಂದ. ಊರಿಗೆ ಮರಳಿದ ಕೆಲವೇ ವರ್ಷಗಳಲ್ಲಿ, 1870ರಲ್ಲಿ, ಇನ್ನೂ ಮೂವತ್ತರ ಹರೆಯದಲ್ಲೇ ಕ್ಷಯರೋಗದಿಂದ ತೀರಿಕೊಂಡ. ಅಲ್ಲಿಂದ ಮುಂದೆ ಬಣ್ಣದೆಲೆಯ ಹುಚ್ಚು ವಸಾಹತುಗಳ ಬಂಗಲೆಗಳಿಗೂ ಹಬ್ಬಿತು. ಇಂಗ್ಲೆಂಡಿನಲ್ಲಿ ಗಾಜಿನೊಳಗೆ ಕಲ್ಲಿದ್ದಲು ಉರಿಸಿ ಸಾಕಬೇಕಾಗಿದ್ದ ಗಿಡ, ನಮ್ಮ ನಾಡಿನಲ್ಲಿ ಬಯಲಲ್ಲೇ ಬೆಳೆಯಿತು.

ಈಗ ನಮ್ಮ ನಾಡಿಗೆ ಬರೋಣ. ಬಣ್ಣದೆಲೆ ಬರುವ ಮೊದಲು ನಮ್ಮಲ್ಲಿ ತೋಟ ಎಂದರೆ ಏನಾಗಿತ್ತು?

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡದವರು ನಿಮ್ಮಲ್ಲಿ ಕಡಿಮೆ. ಹದಿನಾರನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಕೊಳ, ನಡುವೆ ವಸಂತ ಮಂಟಪ. ಅದರ ಪಕ್ಕದಲ್ಲೇ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನಾ. ಬಿಸಿಲಲ್ಲಿ ನಡೆದು ಬಂದವನಿಗೆ ಇವೆರಡೂ ಕೊಡುತ್ತಿದ್ದುದು ಒಂದೇ: ನೀರು, ನೆರಳು. ದಖ್ಖನ್ನಿನ ತೋಟದ ಮೂಲ ಕಲ್ಪನೆಯೇ ಇದು. ಹೂವಿನ ಮಾತು ಆಮೇಲೆ.

ಹತ್ತಿರದ ಬಸವಾಪಟ್ಟಣಕ್ಕೂ ಈ ಕಥೆಯಲ್ಲಿ ಪಾಲಿದೆ. 1687ರಲ್ಲಿ ಮೊಗಲರು ಸಿರಾವನ್ನು ಕೇಂದ್ರ ಮಾಡಿಕೊಂಡು ಕಟ್ಟಿದ ಪ್ರಾಂತದ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಗಿತ್ತು. ಆ ಸಿರಾದಲ್ಲಿ ಸುಬೇದಾರ ದಿಲಾವರ್ ಖಾನನ ಕಾಲದಲ್ಲಿ ಮೊಗಲ್ ಮಾದರಿಯ ತೋಟ ಬೆಳೆಯಿತು. ಹೈದರಾಲಿ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಆರಂಭಿಸಿದಾಗ ಅವನ ಕಣ್ಣ ಮುಂದಿದ್ದುದು ಸಿರಾದ ತೋಟ ಎಂದು ಇತಿಹಾಸಕಾರರು ಬರೆದಿದ್ದಾರೆ. ಟಿಪ್ಪು ಸುಲ್ತಾನ್ ಅದನ್ನು ಬೆಳೆಸಿದ. 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವನ ರಾಯಭಾರಿಗಳು ಕುಶಲಕರ್ಮಿಗಳ ಜೊತೆಗೆ ಗಿಡ, ಬೀಜಗಳನ್ನೂ ಕೇಳಿದ್ದರು. ಯುದ್ಧದ ಮೇಲೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಬೀಜಕ್ಕಾಗಿ ಸಮುದ್ರ ದಾಟಿ ಕೇಳಿಸಿದ ದೊರೆಯನ್ನು ಕತ್ತಿಯ ಚಿತ್ರದಲ್ಲಿ ಮಾತ್ರ ನೋಡುವುದು ಅರ್ಧ ನೋಟವೇ ಸರಿ.

1800ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಬೆಂಗಳೂರಿನ ಈ ತೋಟಗಳನ್ನು ನೋಡಿ ಬರೆದಿಟ್ಟ. (ಅದೇ ವರ್ಷ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್ ಕಂಪನಿಯ ಸೈನ್ಯವನ್ನು ಉತ್ತರ ಕರ್ನಾಟಕದುದ್ದಕ್ಕೂ ಅಲೆಸಿ, ಸೆಪ್ಟೆಂಬರಿನಲ್ಲಿ ಹತನಾದ. ಅದು ಬೇರೆ ಲೇಖನಕ್ಕಾಗುವ ವಿಷಯ.) ಬುಕಾನನ್ ಕಂಡದ್ದು ಚೌಕ ಚೌಕ ಮಡಿಗಳು, ನಡುವೆ ನಡೆಯುವ ದಾರಿ, ದಾರಿಯ ಅಂಚಿಗೆ ಸೈಪ್ರಸ್ ಮರಗಳು. ಒಂದು ಮಡಿಯ ತುಂಬ ಬರೀ ಗುಲಾಬಿ, ಇನ್ನೊಂದರ ತುಂಬ ಬರೀ ದಾಳಿಂಬೆ. ಒಂದೊಂದು ಗಿಡಕ್ಕೆ ಒಂದೊಂದು ಮಡಿ ಮೀಸಲಿಡುವುದು ಮುಸಲ್ಮಾನರ ತೋಟದ ರೀತಿ ಎಂದು ಅವನು ಗುರುತಿಸಿದ. ಇನ್ನೊಂದು ವಿವರ ನಮಗೆ ಮುಖ್ಯ. ಅಷ್ಟಕ್ಕೂ ನೀರು ಬರುತ್ತಿದ್ದುದು ಬಾವಿಗಳಿಂದ, ಕಪಿಲೆ ಕಟ್ಟಿ ಎತ್ತುಗಳು ಎಳೆದ ಚರ್ಮದ ಚೀಲಗಳಿಂದ. ಗುಲಾಬಿಯ ಕೆಂಪಿನ ಹಿಂದೆ ಇಳಿಜಾರಿನಲ್ಲಿ ಹಗಲೆಲ್ಲ ಇಳಿದು ಏರುವ ಎತ್ತುಗಳಿದ್ದವು, ಅವುಗಳ ಹಿಂದೆ ಹೆಸರು ಉಳಿಯದ ಆಳುಗಳಿದ್ದರು.

ಆ ತೋಟದ ಸೊಗಸು ಹೂ, ಹಣ್ಣು ಮತ್ತು ನೆರಳಿನದು. ಎಲೆಯ ಬಣ್ಣಕ್ಕಾಗಿಯೇ ಗಿಡ ಬೆಳೆಸುವ ಪದ್ಧತಿ ಬಂದದ್ದು ಅನಂತರದ ಲಾಲ್‌ಬಾಗ್‌ನಲ್ಲಿ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರನ್ ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ನೋಡಿಕೊಂಡ. ಅವನ ಕಾಲದಲ್ಲೇ, 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲು ಇಟ್ಟ. ಫಲಪುಷ್ಪ ಪ್ರದರ್ಶನಕ್ಕೆ ಹೋದವರೆಲ್ಲ ಆ ಕಟ್ಟಡ ನೋಡಿದ್ದೀರಿ. ಹೋಗದವರು ದಾವಣಗೆರೆಯಲ್ಲಿರುವ ಅದೇ ಮಾದರಿಯ ಗಾಜಿನ ಮನೆಯನ್ನಾದರೂ ನೋಡಿರುತ್ತೀರಿ. 1908ರಲ್ಲಿ ಜರ್ಮನಿಯ ಕ್ರುಂಬಿಗಲ್ ಬಂದ. ಯಾವ ರಸ್ತೆಯಲ್ಲಿ ಯಾವ ತಿಂಗಳು ಯಾವ ಮರ ಹೂ ಬಿಡಬೇಕೆಂದು ಲೆಕ್ಕ ಹಾಕಿ ಬೆಂಗಳೂರಿನಲ್ಲಿ ಸಾಲುಮರ ನೆಡಿಸಿದವನು ಅವನೇ. ಆದರೆ ನಮ್ಮ ತಾಲ್ಲೂಕುಗಳ ದೃಷ್ಟಿಯಿಂದ ಇವರೆಲ್ಲರಿಗಿಂತ ದೊಡ್ಡ ಹೆಸರು ಡಾ. ಎಂ. ಎಚ್. ಮರಿಗೌಡರದು. 1951ರಿಂದ ಎರಡು ದಶಕಕ್ಕೂ ಮಿಗಿಲಾಗಿ ತೋಟಗಾರಿಕೆಯ ಚುಕ್ಕಾಣಿ ಹಿಡಿದಿದ್ದ ಅವರು ರಾಜ್ಯದ ಮೂಲೆ ಮೂಲೆಯಲ್ಲಿ ತೋಟಗಾರಿಕೆ ಕ್ಷೇತ್ರ, ನರ್ಸರಿಗಳನ್ನು ತೆರೆದರು. ಮಾವು, ತೆಂಗು, ಸಪೋಟ ಸಸಿಗಳೇ ಅವರ ಮುಖ್ಯ ಗುರಿ. ಲಾಲ್‌ಬಾಗ್ ಎಂಬುದು ಬೆಂಗಳೂರಿನ ಗೋಡೆಯೊಳಗೆ ಉಳಿಯದೆ ರೈತರ ಕೈಗೆ ಬಂದದ್ದು ಅವರಿಂದ.

ಶೋ ಗಿಡ ಮಾತ್ರ ನರ್ಸರಿಯ ರಸೀದಿಗಿಂತ ಹೆಚ್ಚಾಗಿ ಬೇರೊಂದು ದಾರಿಯಲ್ಲಿ ಹರಡಿತು. ಪ್ರವಾಸಿ ಮಂದಿರದ ಮಾಲಿ ಒಂದು ಟೊಂಗೆ ಮುರಿದುಕೊಟ್ಟ, ಅದು ಶಾಲೆಯ ಅಂಗಳಕ್ಕೆ ಬಂತು. ಶಾಲೆಯಿಂದ ಮೇಷ್ಟರ ಮನೆಗೆ, ಮೇಷ್ಟರ ಮನೆಯಿಂದ ಓಣಿಗೆ. ಮಗಳು ಗಂಡನ ಮನೆಗೆ ಹೋಗುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಕಡ್ಡಿ ಬಸ್ಸಿನಲ್ಲಿ ಅವಳ ಜೊತೆಗೆ ಹೊನ್ನಾಳಿಯಿಂದ ಜಗಳೂರಿಗೆ ಹೋಗುತ್ತದೆ. ನಾನಿಯ ಮನೆಯಿಂದ, ಖಾಲಾನ ಮನೆಯಿಂದ ಬಂದ ಗಿಡ ಎಂದು ಹೇಳುವ ಮನೆಗಳನ್ನು ನೀವೇ ಎಣಿಸಿ ನೋಡಿ. ಹಣ ಕೊಟ್ಟು ತಂದವು ಬೆರಳೆಣಿಕೆಯಷ್ಟು ಸಿಗುತ್ತವೆ.

ಇಲ್ಲಿ ವಿಜ್ಞಾನದ ಒಂದು ಸಂಗತಿಯಿದೆ, ಅದು ಇತಿಹಾಸದ ಸಂಗತಿಯೂ ಹೌದು. ಕ್ರೋಟನ್ನಿನಲ್ಲಿ ಸಣ್ಣ ಹೂವೂ ಬರುತ್ತದೆ, ಬೀಜವೂ ಕಟ್ಟುತ್ತದೆ. ಆದರೆ ಬೀಜದಿಂದ ಹುಟ್ಟಿದ ಸಸಿ ತಾಯಿಯ ಬಣ್ಣವನ್ನು ಹಾಗೆಯೇ ಹೊತ್ತು ಬರುವುದಿಲ್ಲ. ಅದೇ ಬಣ್ಣ, ಅದೇ ಚುಕ್ಕೆ ಬೇಕಾದರೆ ಕಡ್ಡಿಯನ್ನೇ ನೆಡಬೇಕು ಅಥವಾ ಗೂಟಿ ಕಟ್ಟಬೇಕು. ಕಡ್ಡಿಯಿಂದ ಬಂದದ್ದು ಹೊಸ ಗಿಡವಲ್ಲ, ಹಳೆಯ ಗಿಡದ ಮುಂದುವರಿಕೆ. ಆದ್ದರಿಂದ ನಿಮ್ಮ ನಾನಿಯ ಮನೆಯಿಂದ ತಂದು ನೆಟ್ಟ ಗಿಡ ನಾನಿಯ ಮನೆಯ ಗಿಡವೇ. ಆಕೆಗೆ ಕಡ್ಡಿ ಕೊಟ್ಟವರ ಗಿಡವೂ ಅದೇ. ಹಿಂದೆ ಹಿಂದೆ ಹೋದರೆ ಯಾವುದೋ ದ್ವೀಪದಲ್ಲಿ, ಯಾವುದೋ ನರ್ಸರಿಯ ಮೂಲೆಯಲ್ಲಿ ಒಂದು ಟೊಂಗೆ ಉಳಿದವಕ್ಕಿಂತ ಬೇರೆ ಬಣ್ಣದಲ್ಲಿ ಚಿಗುರಿದ ದಿನಕ್ಕೆ ಹೋಗಿ ನಿಲ್ಲುತ್ತೇವೆ. ಅಂಥ ಟೊಂಗೆಯನ್ನು ಕಂಡು, ಕತ್ತರಿಸಿ, ಬೇರೆ ನೆಟ್ಟವನೊಬ್ಬ ಇದ್ದಾನಲ್ಲ, ಅವನಿಂದ ಆರಂಭವಾದದ್ದು ಆ ತಳಿ. ಕಡ್ಡಿ ಕೊಡುವವರು ಒಂದು ಪೀಳಿಗೆ ನಿಂತರೆ ಆ ತಳಿ ಅಷ್ಟಕ್ಕೆ ಮುಗಿಯಿತು.

ಅದು ಈಗ ನಡೆಯುತ್ತಿರುವ ಸಂಗತಿ. ಆಂಧ್ರದ ರಾಜಮಹೇಂದ್ರವರಂ ಬಳಿಯ ಕಡಿಯಂ ನರ್ಸರಿಗಳಿಂದ ಲಾರಿಗಟ್ಟಲೆ ಗಿಡ ನಮ್ಮ ಪೇಟೆಗಳಿಗೆ ಬರುತ್ತವೆ. ಗಿಡಗಳು ಚೆನ್ನಾಗಿಯೇ ಇರುತ್ತವೆ, ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಆದರೆ ಗೋದಾವರಿಯ ತೇವದ ಗಾಳಿಯಲ್ಲಿ, ನೆರಳು ಬಲೆಯ ಕೆಳಗೆ ಬೆಳೆದ ಗಿಡವನ್ನು ಏಪ್ರಿಲ್ ತಿಂಗಳಲ್ಲಿ ತಂದು ಜಗಳೂರಿನ ತಾರಸಿಯ ಮೇಲೆ ಇಟ್ಟರೆ ಹದಿನೈದು ದಿನಕ್ಕೆ ಎಲೆಯೆಲ್ಲ ಉದುರಿ ಕಡ್ಡಿ ನಿಲ್ಲುತ್ತದೆ. ಅತ್ತ ಓಣಿಯ ಹಳೆಯ ಗಿಡವನ್ನು ಮನೆ ಕಟ್ಟುವಾಗ ಜೆಸಿಬಿ ಎತ್ತಿ ಹಾಕಿರುತ್ತದೆ. ಎಷ್ಟೋ ಬೇಸಿಗೆಗಳನ್ನು ತಾಳಿ ಬಂದಿದ್ದ ಗಿಡ ಹೋಗಿ, ಒಂದು ಬೇಸಿಗೆಯನ್ನೂ ಕಾಣದ ಗಿಡ ಬಂದಿರುತ್ತದೆ.

ನಮ್ಮ ನಾಲ್ಕು ಊರುಗಳ ವ್ಯತ್ಯಾಸ ಇಲ್ಲಿಯೇ ಗೋಚರಿಸುವುದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇತ್ತೀಚೆಗೆ. ಜಿಲ್ಲೆ ಒಂದಾಯಿತು, ನೀರು ಒಂದಾಗಲಿಲ್ಲ. ನ್ಯಾಮತಿಗೆ ಮಲೆನಾಡಿನ ಸೆರಗಿನ ತೇವವಿದೆ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ. ಚನ್ನಗಿರಿಗೆ ಸೂಳೆಕೆರೆಯಿದೆ, ಭದ್ರಾ ನಾಲೆಯಿದೆ, ಅಡಿಕೆ ತೋಟಗಳ ತಂಪಿದೆ. ಜಗಳೂರಿಗೆ ಇರುವುದು ಆಕಾಶ ಮತ್ತು ಬೋರ್‌ವೆಲ್.

ನ್ಯಾಮತಿ, ಹೊನ್ನಾಳಿ ಕಡೆಯವರಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಮಳೆಗಾಲದಲ್ಲಿ ಗೇಣುದ್ದದ ತುದಿ ಕಡ್ಡಿ ಕತ್ತರಿಸಿ, ಸುರಿಯುವ ಹಾಲನ್ನು ತೊಳೆದು, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿದರೆ ಸಾಕು. ಆ ಹಾಲು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಮಕ್ಕಳ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಚನ್ನಗಿರಿಯವರ ತಕರಾರು ಬೇರೆ: ಗಿಡ ಸೊಂಪಾಗಿದೆ, ಬಣ್ಣವೇ ಬರುವುದಿಲ್ಲ ಎನ್ನುತ್ತಾರೆ. ಅಡಿಕೆಯ ನೆರಳಿನಲ್ಲಿಟ್ಟರೆ ಹೇಗೆ ಬಂದೀತು? ಕ್ರೋಟನ್ನಿನ ಕೆಂಪು, ಹಳದಿಗಳಿಗೆ ಬೆಳಕೇ ಆಧಾರ. ನೆರಳಾದರೆ ಗಿಡ ಹೊಟ್ಟೆಪಾಡಿಗಾಗಿ ಹಸಿರನ್ನೇ ಹೆಚ್ಚಿಸಿಕೊಳ್ಳುತ್ತದೆ. ಬೆಳಗಿನ ಬಿಸಿಲು ಮೂರ್ನಾಲ್ಕು ಗಂಟೆ ಬೀಳುವಲ್ಲಿಗೆ ಕುಂಡ ಸರಿಸಿ, ಹೊಸ ಎಲೆಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಮಾವಿನ ಚಿಗುರು ಕೆಂಪಾಗಿ ಹುಟ್ಟಿ ಹಸಿರಾಗಿ ಬಲಿಯುತ್ತದೆ. ಎಷ್ಟೋ ಕ್ರೋಟನ್ ತಳಿಗಳದು ಇದಕ್ಕೆ ತಿರುವುಮುರುವು, ಹಸಿರು ಹಳದಿಯಾಗಿ ಹುಟ್ಟಿ ವಯಸ್ಸಾದಂತೆ ಕೆಂಪೇರುತ್ತದೆ. ಆದ್ದರಿಂದ ಚಿಗುರು ಹಸಿರಾಗಿದೆಯೆಂದು ಗಿಡವನ್ನು ಎಸೆಯಬೇಡಿ. ಪೂರ್ತಿ ಹಸಿರಾದ ಒಂದು ಟೊಂಗೆ ಮಾತ್ರ ಜೋರಾಗಿ ಬೆಳೆದರೆ ಅದನ್ನು ಬುಡದಲ್ಲೇ ಕತ್ತರಿಸಿ. ಬಿಟ್ಟರೆ ಅದೇ ಗಿಡವನ್ನು ಆಳುತ್ತದೆ.

ಜಗಳೂರಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ ಬಿಸಿಗಾಳಿ ಒಂದು ಕಷ್ಟ. ಕುಂಡಗಳನ್ನು ಒಂಟಿಯಾಗಿ ಇಡದೆ ಗುಂಪಾಗಿ, ಪಶ್ಚಿಮದ ಬಿಸಿಲು ಬೀಳದ ಗೋಡೆಯ ಮಗ್ಗುಲಿಗೆ ಇಟ್ಟು, ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿದರೆ ಅರ್ಧ ನೀರಿನಲ್ಲಿ ಬದುಕುತ್ತವೆ. ಆದರೆ ಇನ್ನೊಂದು ಕಷ್ಟ ನೀರಿನ ಒಳಗೇ ಇದೆ. ಕೆಂಪು ಕಾರ್ಡಿಲೈನ್ ಅಥವಾ ಡ್ರಾಸಿನಾ ಬೆಳೆಸಿದ ಅಲ್ಲಿಯವರು ಒಮ್ಮೆ ಎಲೆಯ ತುದಿಗಳನ್ನು ನೋಡಿ. ನೀರು ತಪ್ಪಿಸದೆ ಹಾಕಿದರೂ ತುದಿ ಕಂದಾಗಿ ಸುಟ್ಟಂತೆ ಒಣಗುತ್ತದೆಯೇ?

ಜಗಳೂರು ತಾಲ್ಲೂಕಿನ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೆಯ ವಿಷಯ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಾಗ 1.5ರವರೆಗೆ ಸಹಿಸಬಹುದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಮಿತಿ ಮೀರಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಬಹುಕಾಲ ಕುಡಿದರೆ ಮೂಳೆ, ಕೀಲುಗಳಿಗೇ ಹಾನಿ. ಕಾರ್ಡಿಲೈನ್, ಡ್ರಾಸಿನಾಗಳು ಫ್ಲೋರೈಡನ್ನು ಸಹಿಸದ ಗಿಡಗಳು. ಬೇರು ಹೀರಿದ ನೀರು ಎಲೆಯ ತುದಿಯವರೆಗೆ ಹೋಗಿ ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ದಿನದಿಂದ ದಿನಕ್ಕೆ ಗಟ್ಟಿಯಾಗಿ ತುದಿಯನ್ನು ಕೊಲ್ಲುತ್ತದೆ. ಈ ಗಿಡಗಳಿಗೆ ಸೂಪರ್ ಫಾಸ್ಫೇಟ್ ಗೊಬ್ಬರವನ್ನೂ ಹಾಕಬಾರದು, ಅದರಲ್ಲೂ ಫ್ಲೋರೈಡ್ ಅಂಶವಿದೆ. ಕೊಟ್ಟಿಗೆ ಗೊಬ್ಬರ ಸಾಕು. ಎಲೆಯ ತುದಿ ಒಣಗಲು ಬಿಸಿಗಾಳಿ, ನೀರಿನ ಉಪ್ಪು ಮುಂತಾದ ಬೇರೆ ಕಾರಣಗಳೂ ಇವೆ, ಆದ್ದರಿಂದ ಗಿಡ ನೋಡಿ ನೀರಿನ ತೀರ್ಪು ಕೊಡುವಂತಿಲ್ಲ. ಅದು ಒಂದು ಅನುಮಾನವನ್ನು ಎತ್ತಿ ಕೊಡುತ್ತದೆ, ಅಷ್ಟೇ. ತೀರ್ಪು ಪ್ರಯೋಗಶಾಲೆಯದು.

ಹಾಗಾದರೆ ಜಗಳೂರಿಗೆ ಒಗ್ಗುವ ಗಿಡ ಯಾವುದು? ಈಗ ಪೇಟೆಯಲ್ಲಿ ‘ಸ್ನೇಕ್ ಪ್ಲಾಂಟ್’ ಎಂದು ಪಿಂಗಾಣಿ ಕುಂಡದಲ್ಲಿಟ್ಟು ಮಾರುತ್ತಾರಲ್ಲ, ಹಾವಿನ ಮೈಯಂಥ ಪಟ್ಟೆಯ, ಕತ್ತಿಯಂತೆ ನೆಟ್ಟಗೆ ನಿಲ್ಲುವ ಎಲೆಯದು. ಅದರ ಮೂಲ ಆಫ್ರಿಕಾ. ಅದರದೇ ಒಂದು ಬಂಧು ನಮ್ಮ ದಖ್ಖನ್ನಿನ ಒಣ ಕುರುಚಲು ಕಾಡಿನಲ್ಲಿ ತಾನಾಗಿಯೇ ಬೆಳೆಯುತ್ತದೆ. ಅದರ ಎಲೆಯಿಂದ ಗಟ್ಟಿಯಾದ ನಾರು ಬರುತ್ತದೆ. ಹಳಗನ್ನಡ ಓದುವ ವಿದ್ಯಾರ್ಥಿಗಳಿಗೆ ‘ಮೌರ್ವಿ’ ಎಂದರೆ ಬಿಲ್ಲಿನ ಹೆದೆ ಎಂದು ಗೊತ್ತು. ಆ ಮಾತು ‘ಮೂರ್ವಾ’ ಎಂಬ ಗಿಡದಿಂದ ಬಂದದ್ದು, ಮೂರ್ವಾ ಎಂದರೆ ಇದೇ ಗಿಡ ಎಂದು ಗುರುತಿಸುವವರಿದ್ದಾರೆ. ಬಿಲ್ಲು ಹೋಯಿತು, ನಾರಿನ ಹಗ್ಗದ ಜಾಗಕ್ಕೆ ಪ್ಲಾಸ್ಟಿಕ್ ಬಂತು, ಗಿಡ ಈಗ ಸೋಫಾದ ಪಕ್ಕ ನಿಂತಿದೆ. ಹದಿನೈದು ದಿನ ನೀರಿಲ್ಲದಿದ್ದರೂ ಬಾಡದ ಇದನ್ನು, ಒಂದು ಗಟ್ಟಿ ಕ್ರೋಟನ್ನಿನ ಜೊತೆಗೆ ಇಟ್ಟರೆ ಒಣ ಸೀಮೆಯ ಅಂಗಳಕ್ಕೂ ಬಣ್ಣ ಬರುತ್ತದೆ. ನೀರು ಹೆಚ್ಚಾದರೆ ಮಾತ್ರ ಬುಡ ಕೊಳೆಯುತ್ತದೆ.

ವಿಜ್ಞಾನ ಓದುವ ಜಗಳೂರಿನ ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಒಂದು ಕೆಲಸ ಮಾಡಬಹುದು. ಒಂದೇ ಕಾರ್ಡಿಲೈನ್ ಗಿಡದಿಂದ ಎರಡು ಕಡ್ಡಿ ತೆಗೆದುಕೊಳ್ಳಿ. ಒಂದೇ ಗಿಡದವಾದ್ದರಿಂದ ಎರಡೂ ಗುಣದಲ್ಲಿ ಒಂದೇ, ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಒಂದೇ ಮಣ್ಣು, ಒಂದೇ ಅಳತೆಯ ಡಬ್ಬ, ಒಂದೇ ಜಾಗ. ಬೇರು ಹಿಡಿದ ಮೇಲೆ ಒಂದಕ್ಕೆ ತಾರಸಿಯಿಂದ ಹಿಡಿದಿಟ್ಟ ಮಳೆನೀರು, ಇನ್ನೊಂದಕ್ಕೆ ಬೋರ್ ನೀರು, ದಿನವೂ ಅದೇ ಲೋಟದಲ್ಲಿ. ಅದೇ ಬೋರ್ ನೀರನ್ನು ಒಂದು ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಊರಿನ ಹೆಸರು, ತಾರೀಖು ಬರೆದು, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಶಾಲೆಗೆ ಕೊಡಿ. ಆರು ತಿಂಗಳು ಪ್ರತಿ ಭಾನುವಾರ ಎರಡೂ ಗಿಡಗಳ ಒಣಗಿದ ತುದಿಯನ್ನು ಅಳತೆಪಟ್ಟಿ ಹಿಡಿದು ಅಳೆದು, ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕ ಬರೆಯುತ್ತ ಹೋಗಿ. ಪ್ರಯೋಗಶಾಲೆಯ ವರದಿ ಬಂದಾಗ ಅದನ್ನು ಅದೇ ನೋಟ್‌ಬುಕ್ಕಿಗೆ ಅಂಟಿಸಿ, ನಿಮ್ಮ ಗ್ರಾಮ ಪಂಚಾಯಿತಿಗೆ ಒಂದು ಜೆರಾಕ್ಸ್ ಪ್ರತಿ ಕೊಡಿ.